ಹಕಾರ

ಮುದ್ದೆಗೆ ಇಟ್ಟ ಎಸರು ಕುದಿಯುತ್ತಿತ್ತು. ಲತಾಮಣಿ ಕೋರ್ಟಿನಿಂದ ಬಂದವಳು ಕೈಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಲೆಯ ಮುಂದೆ ಅತ್ತೆ ಮಾರಮ್ಮ ರಾಗಿಹಿಟ್ಟಿನ ಡಬ್ಬದ ಮುಚ್ಚಳ ಬಿಚ್ಚುತ್ತಿದ್ದಳು.

"ಸೋಮವಾರದಿಂದ ನಾನು ಕೋರ್ಟ್ ಹಾಲ್‌ನಲ್ಲಿ ಕೂರೋ ಹಾಗಿಲ್ಲ ಅತ್ತೆ. ನಕಲು ವಿಭಾಗಕ್ಕೆ ಹಾಕಿದ್ದಾರೆ."

"ಅಂಗಂದ್ರೆ? ಕೆಲ್ಸ ಓಯ್ತಾ?"

"ಹೋಯ್ತಾ ಅನ್ನಿ. ಓಯ್ತಾ ಅಲ್ಲ."

"ಅದೇ ಕಣವ್ವ, ಓಯ್ತಾ?"

"ಕೆಲಸ ಇದೆ, ಸಂಬಳ ಇದೆ. ಸ್ಟೆನೋ ಬೇಡವಂತೆ. ಸಾಕ್ಷಿ ಮುಂದೆ ಮೈಕ್ ಇಟ್ಟಿದ್ದಾರೆ. ಆಡಿದ ಮಾತು ತಾನಾಗೇ ಟೈಪ್ ಆಗಿ ಪರದೆ ಮೇಲೆ ಬರುತ್ತೆ."

ಮಾರಮ್ಮ ಹಿಟ್ಟು ಸುರಿದು ಕೋಲು ಕೈಗೆತ್ತಿಕೊಂಡಳು. "ಮೈಕು ಎಂಗವ್ವ ಬರೀತದೆ? ಅದ್ಕೆ ಕೈಯೈತಾ?"

ಲತಾಮಣಿ ಕೈಚೀಲ ಇಳಿಸಿದಳು. ಇಪ್ಪತ್ತೇಳು ವರ್ಷ ಅವಳ ಬಲಗೈ ಅದೊಂದೇ ಕೆಲಸ ಮಾಡಿತ್ತು. ಜಯನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಶೀಘ್ರಲಿಪಿ ಕಲಿಯಲು ಸೇರಿದಾಗ ಸೇತುರಾಮ ಮೇಷ್ಟ್ರು ಮೊದಲು ತಿದ್ದಿದ್ದು ಅವಳ ಬಾಯಿಯನ್ನು. "ಹಾಲು ಅನ್ನು. ಆಲು ಅಲ್ಲ. ಹಕಾರ ಬರದವರು ಕೋರ್ಟಿಗೆ ಹೋಗಬಾರದು," ಎಂದು ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದರು. ಆರು ತಿಂಗಳಲ್ಲಿ ಹಕಾರ ಬಂತು, ಮತ್ತೆ ಹೋಗಲಿಲ್ಲ. ತಲಘಟ್ಟಪುರದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯನ್ನೂ ಗಂಡನನ್ನೂ ತಿದ್ದಲು ನೋಡಿದಳು. ಗಂಡ ನರೇಂದ್ರ ಆಟೋ ಓಡಿಸುವವನು. ಅರ್ಧ ತಿದ್ದಿಕೊಂಡ. ಅತ್ತೆ ಕೂದಲಷ್ಟೂ ಬದಲಾಗಲಿಲ್ಲ.

ಕೋರ್ಟಿನಲ್ಲಿ ಮಾತ್ರ ಅವಳಿಗೆ ಅದರಿಂದ ಹೆಸರು ಬಂದಿತ್ತು. ಹಿಂದೊಮ್ಮೆ ಜಗಳದ ಕೇಸಿನಲ್ಲಿ ಕನಕಪುರದ ಕಡೆಯ ಸಾಕ್ಷಿಯೊಬ್ಬ "ಅವ್ನು ಒಡ್ದ ಸ್ವಾಮಿ" ಎಂದಿದ್ದ. ಲತಾಮಣಿ ಪೆನ್ನು ಮೇಲೆತ್ತಿ, "ಸಾರ್, ಹೊಡೆದದ್ದಾ, ಒಡೆದದ್ದಾ ಅಂತ ಕೇಳಬೇಕು," ಎಂದಳು. ಕೇಳಿದರೆ, ಒಡೆದದ್ದು ಬರೀ ಹೆಂಚು. ನ್ಯಾಯಾಧೀಶರು ಕನ್ನಡಕದ ಮೇಲಿಂದ ಅವಳತ್ತ ನೋಡಿ ತಲೆಯಾಡಿಸಿದ್ದರು. ಆ ಒಂದು ತಲೆಯಾಡಿಸುವಿಕೆಯನ್ನು ಅವಳು ಮನೆಯಲ್ಲಿ ನೂರು ಸಲ ಹೇಳಿದ್ದಳು.

ಊಟಕ್ಕೆ ಕುಳಿತಾಗ ಮಗಳು ತನ್ಮಯಿ ಉಪ್ಪುಸಾರಿಗೆ ಮುದ್ದೆ ಮುರಿಯುತ್ತ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಏನೇ, ಬಾಯಿ ಬಿಡ್ತಿಲ್ಲ?" ಎಂದ ನರೇಂದ್ರ.

"ಆ ಸಾಫ್ಟ್‌ವೇರು ನಮ್ಮ ಕಂಪನೀದು ಅಪ್ಪ," ಎಂದಳು ತನ್ಮಯಿ. "ನಂಗೂ ಹೋದ ವಾರ ಗೊತ್ತಾಯ್ತು."

ತನ್ಮಯಿ ಬಿ.ಕಾಂ. ಮುಗಿಸಿ ಎರಡು ವರ್ಷ ಅಲೆದು, ಬಿಟಿಎಂ ಲೇಔಟಿನ ಒಂದು ಕಂಪನಿಗೆ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರದೋ ಮಾತು ಕೇಳುವುದು, ಯಂತ್ರ ತಪ್ಪು ಬರೆದದ್ದನ್ನು ತಿದ್ದುವುದು. ನಿಮಿಷದ ಲೆಕ್ಕದಲ್ಲಿ ಹಣ. ಅದು ರೈತರ ಸಹಾಯವಾಣಿಗೆ ಎಂದು ಅವಳಿಗೆ ಮೊದಲು ಹೇಳಿದ್ದರು.

ಲತಾಮಣಿ ಕೈ ತೊಳೆದಳು. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು.

"ನಾನು ಹೊರಗೆ ಹೋಗೋ ದಾರಿ ನನ್ನ ಮಗಳೇ ಗುಡಿಸಿಟ್ಟಿದ್ದಾಳೆ. ಬಹಳ ಸಂತೋಷ."

"ಅಮ್ಮ, ನಾನಲ್ದಿದ್ರೆ ಇನ್ನೊಬ್ರು ಮಾಡ್ತಿದ್ರು. ನೀನು ಸರ್ಕಾರಿ ಕೆಲಸದಲ್ಲಿದೀಯ, ನಿನ್ನ ಯಾರೂ ತೆಗೆಯಲ್ಲ. ನನ್ನ ಫೈಲ್ ಮೂರು ಸಲ ವಾಪಸ್ ಬಂದ್ರೆ ನನ್ನ ತೆಗೀತಾರೆ. ಈ ತಿಂಗಳು ಎರಡು ಬಂದಿದೆ."

"ಯಾಕೆ ಬಂತು?"

"ಹಳ್ಳಿಯವರ ಹಕಾರ. ಎಲ್ಲಿ ಸೇರಿಸ್ಬೇಕು, ಎಲ್ಲಿ ಬಿಡ್ಬೇಕು ಅಂತ ಗೊತ್ತಾಗಲ್ಲ."

ಮುಂದಿನ ವಾರವೆಲ್ಲ ಮನೆಯಲ್ಲಿ ಅಗತ್ಯಕ್ಕಷ್ಟೇ ಮಾತು. ಲತಾಮಣಿ ಬೆಳಿಗ್ಗೆ ಮೆಟ್ರೋ ಹತ್ತಿ ಹೋಗಿ, ಮೂರನೇ ಮಹಡಿಯ ನಕಲು ವಿಭಾಗದಲ್ಲಿ ಕಾಗದಗಳ ನಡುವೆ ಕೂತು ಬರುತ್ತಿದ್ದಳು. ಮೂಲದೊಂದಿಗೆ ಪ್ರತಿಯನ್ನು ಹೋಲಿಸಿ ನೋಡುವುದು, 'ನಿಜ ಪ್ರತಿ' ಎಂಬ ಮುದ್ರೆ ಒತ್ತುವುದು. ಶನಿವಾರ ಸಂಜೆ ಅವರೆಕಾಳು ಸುಲಿಯುತ್ತಿದ್ದಾಗ ತನ್ಮಯಿಯ ಫೈಲು ಮೂರನೆಯ ಸಲ ವಾಪಸು ಬರುವ ಹಾಗಾಯಿತು. ಹುಡುಗಿ ಅಳಲಿಲ್ಲ. ಪರದೆ ನೋಡುತ್ತ ಉಗುರು ಕಚ್ಚುತ್ತ ಕುಳಿತಳು. ಲತಾಮಣಿ ಸಿಪ್ಪೆಯ ಮೊರ ಪಕ್ಕಕ್ಕೆ ಸರಿಸಿ ಬಂದು ಇಣುಕಿದಳು.

"ಇದ್ಯಾವ ಶನಿ ಬರೆದಿದ್ದು? 'ಅಣ ಕೊಟ್ಟ' ಅಂತೆ. ಹಣ ಕಣೇ ಅದು. ಜಡ್ಜು ಇದನ್ನ ಓದಿದ್ರೆ ಸಾಕ್ಷಿಯನ್ನ ದಡ್ಡ ಅನ್ಕೋತಾರೆ. ಸರಿ, ಆ ಹಾಳೆ ಕೊಡು."

ಕೈಗೆ ಸಿಕ್ಕಿದ್ದು ಕೋರ್ಟಿನ ಮುದ್ರೆ ಇದ್ದ ಹಾಳೆ. ಮನೆಯಲ್ಲಿ ಅಂಥವು ಬೇಕಾದಷ್ಟಿದ್ದವು. ಹಳೆಯ ನೋಟ್‌ಬುಕ್ಕುಗಳನ್ನು ಮಂಚದ ಕೆಳಗಿಂದ ಎಳೆದು, ಸಾಕ್ಷಿಗಳು ಆಡಿದ್ದ ಮಾತುಗಳನ್ನೇ ಹೆಕ್ಕಿ ಜೋಡಿ ಜೋಡಿಯಾಗಿ ಬರೆಯತೊಡಗಿದಳು. ಅಣ, ಹಣ. ಒಲ, ಹೊಲ. ಅಸು, ಹಸು. ಅಕ್ಕು, ಹಕ್ಕು.

"ಅಮ್ಮ, 'ಅಕ್ಕಿಲ್ಲ' ಅಂದ್ರೆ ಅಕ್ಕಿ ಇಲ್ಲ ಅಂತಾನೂ ಆಗುತ್ತಲ್ವಾ?"

"ಕೋರ್ಟಿಗೆ ಬಂದು ಯಾರೇ ಅಕ್ಕಿ ಇಲ್ಲ ಅಂತಾರೆ? ಅದೇನು ರೇಷನ್ ಅಂಗಡೀನಾ? ಹಕ್ಕು ಅಂತಲೇ ಹಾಕು."

ಎರಡು ಭಾನುವಾರ ತಾಯಿ ಮಗಳು ಕೂತು ನಾನೂರು ಸಾಲು ಬರೆದರು. ಯಂತ್ರಕ್ಕೆ ಕಲಿಸಲೆಂದು ತನ್ಮಯಿ ಹಾಳೆಗಳ ಫೋಟೋ ತೆಗೆದು ಕಳಿಸಿದಳು. ಕಂಪನಿಯವರು ಮೆಚ್ಚಿಕೊಂಡು, ಹಳ್ಳಿಯ ವಯಸ್ಸಾದವರ ಧ್ವನಿ ಇದ್ದರೆ ಅದನ್ನೂ ಕೊಡಿ ಎಂದರು. ಮಾರಮ್ಮನನ್ನು ಫೋನಿನ ಮುಂದೆ ಕೂರಿಸಿದ್ದಾಯಿತು. ಅವಳು ಊರಿನ ಕೆರೆ, ಸತ್ತ ಎಮ್ಮೆ, ತನ್ನ ಮದುವೆ ಎಲ್ಲ ಹೇಳಿದಳು. ನಡುವೆ ಎದ್ದು, "ತಡೀರಿ, ಒಲೆ ಮ್ಯಾಲೆ ಎಸ್ರು ಇಟ್ಟೀನಿ," ಎಂದಳು. ಫೋನಿನಲ್ಲಿ 'ಒಲೆ ಮೇಲೆ ಹೆಸರು ಇಟ್ಟಿದ್ದೀನಿ' ಎಂದು ಮೂಡಿತು.

"ಅಜ್ಜಿ, ಒಲೆ ಮೇಲೆ ಯಾರಿಗೆ ಹೆಸರಿಟ್ಟೆ?" ತನ್ಮಯಿ ಬಿದ್ದು ಬಿದ್ದು ನಕ್ಕಳು. ನರೇಂದ್ರನೂ ನಕ್ಕ. ಬಹಳ ದಿನಗಳ ಮೇಲೆ ಲತಾಮಣಿಯೂ ನಕ್ಕಳು.

"ನಗಿ ನಗಿ," ಎಂದಳು ಮಾರಮ್ಮ. "ಮುದ್ದೆ ಸೀದೋದ್ರೆ ಗೊತ್ತಾಯ್ತದೆ."

ಮಾರಮ್ಮನ ಕೇಸು ನಡೆಯುತ್ತಿದ್ದುದು ಅದೇ ಕೋರ್ಟಿನಲ್ಲಿ. ತಮ್ಮ ಪಿಳ್ಳಪ್ಪನ ಮೇಲೆ, ಅಪ್ಪನ ಹೊಲದಲ್ಲಿ ಪಾಲು ಕೇಳಿ. ಮೆಟ್ರೋ ಬಂದು ಹೊಲದ ಪಕ್ಕದಲ್ಲೇ ಅಪಾರ್ಟ್‌ಮೆಂಟ್ ಎದ್ದ ಮೇಲೆ ಕೇಸು ಹಾಕಿಸಿದವನು ನರೇಂದ್ರ. ಅವನಿಗೆ ಬೇಕಾಗಿದ್ದು ಸೈಟು. ಮಾರಮ್ಮನಿಗೆ ಬೇಕಾಗಿದ್ದು ಹೊಂಗೆ ಮರದ ಮೂಲೆ. ಅಲ್ಲಿ ಅವಳ ಅವ್ವನನ್ನು ಮಣ್ಣು ಮಾಡಿದ ಗುಡ್ಡೆ ಇತ್ತು. ವರ್ಷವೂ ಪಿತೃಪಕ್ಷಕ್ಕೆ ಆ ಮಣ್ಣಿನ ಮೇಲೆ ಎಲೆ ಹಾಕಿ ಎಡೆ ಇಟ್ಟು ಬರುತ್ತಿದ್ದಳು. ಅದನ್ನೂ ಸೇರಿಸಿ ಮಾರುತ್ತಾರೆ ಎಂದು ತಿಳಿದ ದಿನ ಮಗ ಹೇಳಿದ ಕಾಗದಕ್ಕೆಲ್ಲ ಹೆಬ್ಬೆಟ್ಟು ಒತ್ತಿದಳು.

ಪಿಳ್ಳಪ್ಪನ ಕೈಯಲ್ಲಿ ಒಂದೇ ಒಂದು ಛಾಪಾ ಕಾಗದ ಇತ್ತು. ನಲವತ್ತೈದು ವರ್ಷದ ಹಿಂದೆ, ಅಪ್ಪನ ಆಸ್ತಿ ತನಗೆ ಬೇಡವೆಂದು ಅಕ್ಕ ಹೆಬ್ಬೆಟ್ಟು ಒತ್ತಿಕೊಟ್ಟದ್ದು. ಆ ಹೆಬ್ಬೆಟ್ಟಿನ ಕಥೆ ಮನೆಯವರಿಗೆಲ್ಲ ಗೊತ್ತು. ಮಾರಮ್ಮನ ಗಂಡ ಕಾಲು ಮುರಿದುಕೊಂಡು ಮಲಗಿದ್ದ. ಮೂರು ದಿನದಿಂದ ಒಲೆ ಹತ್ತಿರಲಿಲ್ಲ. ಪಿಳ್ಳಪ್ಪ ಸೈಕಲ್ಲಿನ ಮೇಲೆ ಅರ್ಧ ಮೂಟೆ ಅಕ್ಕಿ ತಂದಿಳಿಸಿ, ಜೇಬಿನಿಂದ ಕಾಗದ ತೆಗೆದಿದ್ದ. ಆಗ ಹನ್ನೆರಡು ವರ್ಷದವನಾಗಿದ್ದ ನರೇಂದ್ರ ಆ ಮೂಟೆಯ ಮೇಲೇ ಕೂತಿದ್ದ.

ಪಾಟೀಸವಾಲಿನ ದಿನ ನರೇಂದ್ರ ಆಟೋ ನಿಲ್ಲಿಸಿ ಅವ್ವನನ್ನು ಕರೆದುಕೊಂಡು ಹೋದ. ಮೂರನೇ ಮಹಡಿಯಲ್ಲಿ ಕೆಲಸವಿದ್ದುದರಿಂದ ಲತಾಮಣಿಗೆ ಇಳಿದು ಬರಲಾಗಲಿಲ್ಲ. ಕಟಕಟೆಯಲ್ಲಿ ಮೈಕು ಮಾರಮ್ಮನ ಗದ್ದದ ಹತ್ತಿರ ಇತ್ತು. ಸ್ಟೆನೋ ಕೂರುತ್ತಿದ್ದ ಕುರ್ಚಿಯಲ್ಲಿ ಯಾರದೋ ಫೈಲುಗಳ ಗಂಟು.

ಪಿಳ್ಳಪ್ಪನ ಕಡೆಯ ವಕೀಲ ಕಾಗದ ತೋರಿಸಿದ. "ಇದು ನಿಮ್ಮ ಹೆಬ್ಬೆಟ್ಟೇನಮ್ಮ?"

"ಊ ಕಣಪ್ಪ, ನಂದೇ."

"ಯಾರಾದ್ರೂ ಕೈ ಹಿಡಿದು ಒತ್ತಿಸಿದ್ರಾ?"

"ಇಲ್ಲ. ನಾನೇ ಒತ್ತಿದ್ದು."

"ಯಾಕೆ ಒತ್ತಿದ್ರಿ?"

"ಅಕ್ಕಿಲ್ಲ ಸ್ವಾಮಿ. ಅದ್ಕೇ ಒತ್ತಿದ್ದು." ಹೇಳುತ್ತ ಮಾರಮ್ಮ ಎರಡೂ ಕೈಯಲ್ಲಿ ಖಾಲಿ ಸೇರನ್ನು ಬೋರಲು ಹಾಕುವ ಹಾಗೆ ಮಾಡಿ ತೋರಿಸಿದಳು.

"ಸಾಕು," ಎಂದು ವಕೀಲ ಕುಳಿತುಬಿಟ್ಟ.

ಗುಮಾಸ್ತ ಬಂದು, ಪರದೆ ನೋಡಿಕೊಂಡು ಗಡಗಡನೆ ಓದಿದ. ಅವನು ಮಾಗಡಿ ಕಡೆಯವನು, ಅವನಿಗೂ ಹಕಾರ ಬಾರದು. "...ಅಕ್ಕಿಲ್ಲ, ಅದಕ್ಕೇ ಒತ್ತಿದ್ದು. ಸರಿನಾ ಅಜ್ಜಿ?"

"ಸರಿ ಕಣಪ್ಪ."

ಹೆಬ್ಬೆಟ್ಟು ಒತ್ತಿಸಿಕೊಂಡ. ಸಂಜೆ ನರೇಂದ್ರ ಮೈಸೂರುಪಾಕಿನ ಪೊಟ್ಟಣ ತಂದ. "ಅವ್ವ ಸಖತ್ತಾಗಿ ಹೇಳ್ತು ಕಣೇ. ಜಡ್ಜ್ ಮುಂದೇನೇ ಅಕ್ಕಿ ವಿಷ್ಯ ಎತ್ತಿಬಿಡ್ತು. ಅವರ ಲಾಯರ್ ಬಾಯಿ ಮುಚ್ಕೊಂಡು ಕೂತ."

ಹನ್ನೆರಡು ದಿನಗಳ ನಂತರ ಆ ಸಾಕ್ಷಿಯ ನಕಲು ಲತಾಮಣಿಯ ಮೇಜಿಗೆ ಬಂತು. ಪಿಳ್ಳಪ್ಪನ ಕಡೆಯವರು ಅರ್ಜಿ ಹಾಕಿದ್ದರು. ಎಡಗೈಯಲ್ಲಿ ಮೂಲ, ಬಲಗೈಯಲ್ಲಿ ಪ್ರತಿ. ಸಾಲು ಸಾಲಾಗಿ ಬೆರಳಿಟ್ಟು ನೋಡುತ್ತ ಬಂದಳು. ಅತ್ತೆಯ ಮಾತು ಇಷ್ಟು ಚೆನ್ನಾಗಿ ಅವಳು ಎಂದೂ ಕೇಳಿರಲಿಲ್ಲ. ಹೊಲ ಹೊಲವಾಗಿತ್ತು, ಹಣ ಹಣವಾಗಿತ್ತು. ಎರಡನೆಯ ಪುಟದ ಕೊನೆಯಲ್ಲಿ ಬೆರಳು ನಿಂತಿತು.

'ಹಕ್ಕಿಲ್ಲ ಸ್ವಾಮಿ. ಅದಕ್ಕೇ ಒತ್ತಿದ್ದು.'

ಮೂಲ ನೋಡಿದಳು. ಅದರಲ್ಲೂ ಹಾಗೇ ಇತ್ತು. ಪಕ್ಕದ ಮೇಜಿನ ಪಂಕಜಾ, "ಏನ್ರೀ ಲತಾ, ತಪ್ಪಿದೆಯಾ?" ಎಂದಳು.

"ಇಲ್ಲ. ಎರಡೂ ಒಂದೇ ಇದೆ."

"ಮತ್ತೆ ಸೀಲ್ ಹಾಕಿ ಕೊಡ್ರಿ. ಅವರು ಹೊರಗೆ ಕಾಯ್ತಿದ್ದಾರೆ."

ಲತಾಮಣಿ 'ನಿಜ ಪ್ರತಿ' ಮುದ್ರೆಯನ್ನು ಇಂಕಿಗೆ ಒತ್ತಿ ಕಾಗದಕ್ಕೆ ಒತ್ತಿದಳು. ಕೆಳಗೆ ಸಹಿ ಮಾಡಿದಳು.

ಮಾರಮ್ಮನ ಕಡೆಯ ವಕೀಲೆ ಜಯಶೀಲಾ ಮೇಡಂ ಆಫೀಸು ಜಯನಗರ ನಾಲ್ಕನೇ ಬ್ಲಾಕಿನ ಒಂದು ಬೇಕರಿಯ ಮೇಲೆ. ಮಾರಮ್ಮನನ್ನು ಮನೆಯಲ್ಲಿ ಬಿಟ್ಟು ಮೂವರೂ ಹೋದರು. ಮೇಡಂ ಸಾಕ್ಷಿಯ ನಕಲನ್ನು ಎರಡು ಸಲ ಓದಿದರು.

"ಅವತ್ತು ಮುಂದಿನ ಕೇಸ್ ಕರೀತಿದ್ರು, ನಾನು ಸ್ಕ್ರೀನ್ ನೋಡಲಿಲ್ಲ. ತಪ್ಪು ನಂದೂ ಇದೆ," ಎಂದರು. "ಆ ಕಾಗದ ರಿಜಿಸ್ಟರ್ ಕೂಡ ಆಗಿಲ್ಲ, ನಿಲ್ತಿರ್ಲಿಲ್ಲ. ಈಗ ಹಕ್ಕಿಲ್ಲ ಅಂತ ನಿಮ್ಮತ್ತೇನೇ ಒಪ್ಪಿಕೊಂಡ ಹಾಗಾಗಿದೆ."

"ಆಡಿಯೋ ಇರುತ್ತಲ್ವಾ ಮೇಡಂ?" ಎಂದ ನರೇಂದ್ರ.

"ಇದೆ. ತಿದ್ದುಪಡಿಗೆ ಅರ್ಜಿ ಹಾಕೋಣ. ಆದ್ರೆ ಆಡಿಯೋದಲ್ಲಿ ಅಕ್ಕಿಲ್ಲ ಅಂತಲೇ ಕೇಳಿದ್ರೂ, ನಿಮ್ಮತ್ತೆ ಹಕ್ಕಿಲ್ಲ ಅನ್ನೋದನ್ನೇ ಹಾಗಂದ್ರು ಅಂತ ಆ ಕಡೆಯವರು ವಾದ ಮಾಡ್ತಾರೆ. ಈ ಸಾಫ್ಟ್‌ವೇರ್ ತಾನಾಗೇ ಹಕಾರ ಸೇರಿಸುತ್ತೆ, ಹೀಗೆ ಸೇರಿಸೋಕೆ ಅದಕ್ಕೆ ಕಲಿಸಿದ್ದಾರೆ ಅಂತ ಒಬ್ಬರು ಅಫಿಡವಿಟ್ ಕೊಟ್ರೆ ಕೇಸ್ ಉಳಿಯುತ್ತೆ. ಆದ್ರೆ ಅಂಥವರನ್ನ ಎಲ್ಲಿ ಹುಡುಕೋದು?"

ಕೆಳಗಿನಿಂದ ಬನ್ನು ಬೇಯುವ ವಾಸನೆ ಬರುತ್ತಿತ್ತು. ತನ್ಮಯಿ ಬಾಯಿ ತೆರೆದಳು. ಲತಾಮಣಿ ಅವಳ ಮಣಿಕಟ್ಟು ಹಿಡಿದಳು.

"ವಿಚಾರಿಸ್ತೀವಿ ಮೇಡಂ," ಎಂದಳು.

ಆಟೋ ಜೆ.ಪಿ. ನಗರ ದಾಟಿದ ಮೇಲೆ ನರೇಂದ್ರ ಸಿಗ್ನಲ್ಲಿನಲ್ಲಿ ಹಿಂದಕ್ಕೆ ತಿರುಗಿದ. "ವಿಚಾರಿಸೋದು ಯಾರನ್ನ? ಇಬ್ರೂ ಹಿಂದಿನ ಸೀಟಲ್ಲೇ ಕೂತಿದ್ದೀರಲ್ಲ."

"ನಾನು ಅಫಿಡವಿಟ್ ಕೊಡ್ತೀನಿ ಅಪ್ಪ," ಎಂದಳು ತನ್ಮಯಿ. "ಕೆಲಸ ಹೋದ್ರೆ ಹೋಗ್ಲಿ."

"ಏನಂತ ಕೊಡ್ತೀಯ?" ಲತಾಮಣಿಯ ಧ್ವನಿ ಏರಲಿಲ್ಲ. "ಆ ಪಟ್ಟಿ ಎಲ್ಲಿಂದ ಬಂತು ಅಂತ ಕೇಳ್ತಾರೆ. ಕೋರ್ಟಿನ ಹಾಳೆ, ನನ್ನ ಅಕ್ಷರ, ಸಾಕ್ಷಿಗಳ ಮಾತು. ಕೋರ್ಟಿನ ನೌಕರಳು ಸಾಕ್ಷಿಗಳ ಮಾತನ್ನ ಹೊರಗಿನ ಕಂಪನಿಗೆ ಕೊಟ್ಟಿದ್ದಾಳೆ ಅಂದ್ರೆ ಅಮಾನತಲ್ಲ, ಮನೆಗೇ ಕಳಿಸ್ತಾರೆ. ನನಗಿನ್ನು ನಾಲ್ಕು ವರ್ಷ ಇದೆ."

"ನಿನ್ ನಾಲ್ಕು ವರ್ಷಕ್ಕೆ ನಮ್ಮವ್ವನ ಹೊಲ!"

"ಹೌದು. ಮಳೆ ಬಂದ್ರೆ ನಿಮ್ಮ ಆಟೋ ಓಡಲ್ಲ. ಇಪ್ಪತ್ತೇಳು ವರ್ಷ ಈ ಮನೇಲಿ ಒಲೆ ಉರಿದಿದ್ದು ನನ್ನ ಸಂಬಳದಲ್ಲಿ. ಅದನ್ನ ಹೇಳಿಸ್ಬೇಡಿ."

ಹಿಂದಿನ ಬಸ್ಸು ಹಾರನ್ ಹೊಡೆಯಿತು. ನರೇಂದ್ರ ಗೇರು ಹಾಕಿದ. ಮನೆ ತಲುಪಿದಾಗ ಮಾರಮ್ಮ ಹೊಸಲ ಮೇಲೆ ಕೂತು ಕಾಯುತ್ತಿದ್ದಳು.

"ಏನಂದ್ರು ವಕೀಲಮ್ಮ?"

"ಏನಿಲ್ಲ ಅವ್ವ. ನಿನ್ ಮಾತು ತಪ್ಪಾಗಿ ಬರ್ಕೊಂಡವ್ರೆ."

"ಯಾರು?"

ನರೇಂದ್ರ ಹೆಂಡತಿಯ ಕಡೆ ನೋಡಿದ. "ಮೈಕು," ಎಂದ.

ಆಡಿಯೋ ಕೇಳಿಸಿದ್ದು ತಿಂಗಳ ನಂತರ. ಲತಾಮಣಿ ಅರ್ಧ ದಿನ ರಜೆ ಹಾಕಿ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಅತ್ತೆಯ ಪಕ್ಕ ಕುಳಿತಳು. ಸ್ಪೀಕರಿನಿಂದ ಮಾರಮ್ಮನ ಧ್ವನಿ ಬಂತು. ಮಾರಮ್ಮ ತನ್ನ ಧ್ವನಿಯನ್ನು ತಾನೇ ಬಾಯಿ ತೆರೆದು ಕೇಳಿದಳು. 'ಅಕ್ಕಿಲ್ಲ ಸ್ವಾಮಿ.' ಬೋರಲಾದ ಸೇರು ಅದರಲ್ಲಿ ಇರಲಿಲ್ಲ.

"ಅಕ್ಕಿ ಇಲ್ಲ ಅಂತ ಸ್ಪಷ್ಟವಾಗಿದೆ ಸ್ವಾಮಿ," ಎಂದರು ಜಯಶೀಲಾ.

ಪಿಳ್ಳಪ್ಪನ ಕಡೆಯ ವಕೀಲ ಎದ್ದ. "ಈಯಮ್ಮ ಹಣಕ್ಕೆ ಅಣ ಅಂದಿದ್ದಾರೆ, ಹೊಲಕ್ಕೆ ಒಲ ಅಂದಿದ್ದಾರೆ. ಅಲ್ಲೆಲ್ಲ ಯಂತ್ರ ತಿದ್ದಿದ್ದು ಸರಿ, ಹಕ್ಕು ಒಂದೇ ತಪ್ಪಾ? ಓದಿ ಹೇಳಿದಾಗ ಸರಿ ಅಂತ ಹೆಬ್ಬೆಟ್ಟನ್ನೂ ಒತ್ತಿದ್ದಾರೆ."

ನ್ಯಾಯಾಧೀಶರು ಮತ್ತೊಮ್ಮೆ ಕೇಳಿಸಿಕೊಂಡರು. ಲತಾಮಣಿಯ ಬಲಗೈ ಬೆರಳುಗಳು ಸೆರಗಿನ ಕೆಳಗೆ ತೊಡೆಯ ಮೇಲೆ ತಾವಾಗಿ ಗೀಚುತ್ತಿದ್ದವು. ಆ ಕುರ್ಚಿಯಲ್ಲಿ ಅವಳಿದ್ದಿದ್ದರೆ ಪೆನ್ನು ಮೇಲೆತ್ತಿ, ತಿನ್ನುವ ಅಕ್ಕಿಯೇ ಎಂದು ಕೇಳುತ್ತಿದ್ದಳು. ಈಗಲೂ ಎದ್ದು ನಿಂತು ಹೇಳಬಹುದಿತ್ತು. ಪಕ್ಕದಲ್ಲಿ ಮಾರಮ್ಮ ಅವಳ ಮೊಣಕೈ ತಿವಿದು ಪಿಸುಗುಟ್ಟಿದಳು, "ನೀ ಯೋಳವ್ವ. ನಿಂಗ್ ಗೊತ್ತಲ್ಲ. ನಿನ್ ಮಾತು ಕೇಳ್ತಾರೆ ಅವ್ರು."

"ಸುಮ್ನಿರಿ ಅತ್ತೆ. ಇಲ್ಲಿ ಮಾತಾಡಬಾರದು."

ಅರ್ಜಿ ವಜಾ ಆಯಿತು. ಆರು ವಾರಗಳ ನಂತರ ಬಂದ ತೀರ್ಪಿನಲ್ಲಿ, ವಾದಿಯೇ ತನಗೆ ಹಕ್ಕಿಲ್ಲವೆಂದು ಒಪ್ಪಿಕೊಂಡಿರುವುದರಿಂದ, ಎಂದಿತ್ತು. ಮೇಲ್ಮನವಿ ಹಾಕಬಹುದು ಎಂದರು ಜಯಶೀಲಾ ಮೇಡಂ, ಆದರೆ ಮೇಲೆ ನೋಡುವುದೂ ಇದೇ ಕಾಗದವನ್ನೇ. ವಾರದೊಳಗೆ ಹೊಂಗೆ ಮರ ಉರುಳಿತು. ಹೊಲದ ಸುತ್ತ ತಗಡಿನ ಬೇಲಿ ಬಂತು. ಕಂಪನಿ ತನ್ಮಯಿಗೆ ಒಳ್ಳೆಯ ಕೆಲಸಗಾರ್ತಿ ಎಂದು ಸರ್ಟಿಫಿಕೇಟ್ ಕಳಿಸಿ, ಯಂತ್ರ ಈಗ ಚೆನ್ನಾಗಿ ಕಲಿತಿರುವುದರಿಂದ ಮುಂದಿನ ತಿಂಗಳಿಂದ ಫೈಲುಗಳಿರುವುದಿಲ್ಲ ಎಂದು ತಿಳಿಸಿತು. ನರೇಂದ್ರ ಊಟದ ತಟ್ಟೆ ತೆಗೆದುಕೊಂಡು ಹೊರಗೆ ಆಟೋದಲ್ಲಿ ಕೂತು ತಿನ್ನತೊಡಗಿದ.

ಮಾರಮ್ಮ ಯಾರನ್ನೂ ಬೈಯಲಿಲ್ಲ. "ನನ್ ಬಾಯೇ ಸರೀಗಿಲ್ಲ ಬುಡು," ಎಂದು ಒಂದು ಸಲ ಹೇಳಿದಳು. ಆಮೇಲೆ ನಿಧಾನವಾಗಿ ಮಾತಾಡತೊಡಗಿದಳು. ಪ್ರತಿ ಮಾತಿಗೂ ಒಂದು ಕ್ಷಣ ನಿಂತು, ಎದೆಯಿಂದ ಉಸಿರು ಎಳೆದು ಹಕಾರ ಹಚ್ಚುತ್ತಿದ್ದಳು. ಹಾಲು ಹಾಲಾಯಿತು, ಹೂವು ಹೂವಾಯಿತು. ಎಲೆ ಹೆಲೆಯಾಯಿತು, ಉಪ್ಪು ಹುಪ್ಪಾಯಿತು. ಮೊದಲ ದಿನ ತನ್ಮಯಿ ನಗಲು ಹೋಗಿ ನಿಲ್ಲಿಸಿದಳು.

ಪಿತೃಪಕ್ಷದ ಅಮಾವಾಸ್ಯೆಯ ಬೆಳಿಗ್ಗೆ ಮಾರಮ್ಮ ತಲೆಗೆ ನೀರು ಹಾಕಿಕೊಂಡು ಅಡುಗೆಮನೆಗೆ ಬಂದಳು. ಗುಡ್ಡೆಗೆ ಹೋಗುವ ಹಾಗಿಲ್ಲ. ಎಡೆಯನ್ನು ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಇಡುವುದೆಂದಾಗಿತ್ತು. ಲತಾಮಣಿ ಕುಂಬಳಕಾಯಿ ಹೆಚ್ಚಿಟ್ಟು ಅಂಗಡಿಗೆ ಬೇಕಾದ ಸಾಮಾನಿನ ಚೀಟಿ ಬರೆಯುತ್ತಿದ್ದಳು. ಬೆಲ್ಲ, ಕಡಲೆಬೇಳೆ, ಕರ್ಪೂರ.

ಮಾರಮ್ಮ ಮೂಲೆಯ ದೊಡ್ಡ ಡಬ್ಬದ ಮುಚ್ಚಳ ತೆಗೆದಳು. ಒಳಗೆ ಸೇರು ಹಾಕಿದಳು. ಸೇರು ತಳಕ್ಕೆ ಬಡಿದು ಸದ್ದಾಯಿತು. ಅದನ್ನು ಎತ್ತಿ ಬೋರಲು ಮಾಡಿ ತೋರಿಸಿದಳು. ನಾಲ್ಕು ಕಾಳು ನೆಲಕ್ಕೆ ಬಿದ್ದವು.

"ಲತಾ," ಎಂದಳು. ನಿಂತು ಉಸಿರು ಎಳೆದುಕೊಂಡಳು. "ಹಕ್ಕಿಲ್ಲ."

ಲತಾಮಣಿಯ ಪೆನ್ನು ನಿಂತಿತು.

"ಅಕ್ಕಿ ಅತ್ತೆ," ಎಂದಳು. "ಅದಕ್ಕೆ ಹಕಾರ ಇಲ್ಲ."

ಮಾರಮ್ಮ ಸೇರನ್ನು ಚೀಟಿಯ ಪಕ್ಕದಲ್ಲಿಟ್ಟಳು.

"ನಾನು ಹೇಳ್ದಂಗೇ ಬರ್ಕೋ."